ಡಾಲರನ್ನು ರೂಪಾಯಿಗೆ ಗುಣಿಸಬೇಡಿ: ನಿವೃತ್ತಿಯನ್ನು ತಿಂಗಳ ಲೆಕ್ಕದಲ್ಲಿ ಅಳೆಯುವುದು ಹೇಗೆ?

ಹೋದ ಯುಗಾದಿಗೆ ನ್ಯೂ ಜೆರ್ಸಿಯಿಂದ ತಮ್ಮ ಬಂದಿದ್ದ. ಒಬ್ಬಟ್ಟಿನ ಊಟ ಮುಗಿದ ಮೇಲೆ ಅಡುಗೆಮನೆ ಬಾಗಿಲಿಗೆ ಒರಗಿ ನಿಂತು ಕೇಳಿದ: "ಅಕ್ಕ, ಇನ್ನು ಮೂರು ವರ್ಷಕ್ಕೆ ಕೆಲಸ ಬಿಟ್ಟು ಬೆಂಗಳೂರಿಗೆ ಬಂದುಬಿಡೋಣ ಅಂತಿದೀನಿ. ಎಷ್ಟು ದುಡ್ಡು ಇದ್ದರೆ ಸಾಕು?"

"ಯಾವ ಏರಿಯಾದಲ್ಲಿ ಇರ್ತೀಯ? ಬಾಡಿಗೆನಾ ಸ್ವಂತ ಮನೆನಾ? ಮಗಳನ್ನು ನೋಡೋಕೆ ವರ್ಷಕ್ಕೆ ಎಷ್ಟು ಸಲ ಹೋಗ್ತೀಯ? ಅದು ಗೊತ್ತಿಲ್ಲದೆ ಏನು ಹೇಳಲಿ?" ಅಂದೆ.

ಅವನಿಗೆ ಬೇಸರವಾಯಿತು. ಒಂದು ದೊಡ್ಡ ಸಂಖ್ಯೆ ಹೇಳಿಬಿಡುತ್ತೇನೆ ಅಂದುಕೊಂಡಿದ್ದ. ಅವನು ಆಗಲೇ ಒಂದು ಲೆಕ್ಕ ಹಾಕಿಕೊಂಡೂ ಬಂದಿದ್ದ. ಅಲ್ಲಿ ಗಂಡ ಹೆಂಡತಿಗೆ ತಿಂಗಳಿಗೆ 5,500 ಡಾಲರ್ ಖರ್ಚು. ಅದನ್ನು 90ರಿಂದ ಗುಣಿಸಿ, ಬೆಂಗಳೂರಿನಲ್ಲೂ ತಿಂಗಳಿಗೆ 5 ಲಕ್ಷ ಬೇಕು ಎಂದು ಹೆದರಿದ್ದ. ನನ್ನ ಮನೆಖರ್ಚಿನ ಪುಸ್ತಕ ತೆಗೆದು ತೋರಿಸಿದೆ. ಅದರಲ್ಲಿ ತಿಂಗಳಿಗೆ 60,000 ರೂಪಾಯಿ. ಕೂಡಲೇ ಅವನ ಮುಖ ಅರಳಿತು. "ಹಾಗಾದರೆ ನಾಳೆಯೇ ಬರಬಹುದಲ್ಲ!"

ಎರಡೂ ತಪ್ಪು. ಅವನಿಗೆ ಬೇಕಾದದ್ದು ಇವೆರಡರ ನಡುವೆ ಎಲ್ಲೋ ಇತ್ತು. ಅದನ್ನು ಹುಡುಕಲು ನಮಗೆ ಒಂದು ವಾರ ಹಿಡಿಯಿತು. ನಾನು 30 ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದವಳು. ಆ ವಾರ ಮಾಡಿದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಹೊರದೇಶದಲ್ಲಿ ಇರುವವರಿಗೆ, ಹೋಗಬೇಕು ಅಂದುಕೊಂಡವರಿಗೆ, ಇಲ್ಲೇ ದುಡಿದು ಇಲ್ಲೇ ನಿವೃತ್ತರಾಗುವವರಿಗೆ, ಮೂವರಿಗೂ ಈ ಲೆಕ್ಕ ಹೊಂದುತ್ತದೆ.

ಮೊದಲು ಒಂದು ವರ್ಷದ ಖರ್ಚು ಬರೆಯಿರಿ

ಒಂದು ತಿಂಗಳ ಖರ್ಚು ನೋಡಿದರೆ ಸಾಲದು. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಬರುತ್ತದೆ (ಆ ತಿಂಗಳೇ ಕಟ್ಟಿದರೆ ಶೇ 5 ರಿಯಾಯಿತಿ ಇದೆ, ಬಿಡಬೇಡಿ). ಶ್ರಾವಣದಿಂದ ದೀಪಾವಳಿ ತನಕ ಹಬ್ಬ. ಮಾಘ ಬಂದರೆ ಮದುವೆಗಳು, ಮುಯ್ಯಿ. ಆರೋಗ್ಯ ವಿಮೆಯ ಕಂತು ವರ್ಷಕ್ಕೆ ಒಂದೇ ಸಲ ಬಂದು ಬೆಚ್ಚಿಬೀಳಿಸುತ್ತದೆ. ಇವನ್ನೆಲ್ಲ ಕೂಡಿಸಿ 12ರಿಂದ ಭಾಗಿಸಿದರೆ ಮಾತ್ರ ನಿಜವಾದ ತಿಂಗಳ ಖರ್ಚು ಸಿಗುತ್ತದೆ.

ನಮ್ಮ ಮನೆಯದ್ದನ್ನೇ ಹೇಳುತ್ತೇನೆ. ಜಯನಗರದ ಹಳೆಯ ಅಪಾರ್ಟ್‌ಮೆಂಟ್‌ನಲ್ಲಿ ಸ್ವಂತ ಮನೆ, ನಾವಿಬ್ಬರೇ. ದಿನಸಿ, ಹಾಲು, ತರಕಾರಿ, ಸೊಪ್ಪು, ಹಣ್ಣು 16,000. ಮನೆಕೆಲಸದವರಿಗೆ 4,000. ಕರೆಂಟು, ನೀರು, ಗ್ಯಾಸ್ 3,000. ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ 5,000. ಬಿಪಿ, ಶುಗರ್ ಮಾತ್ರೆ ಮತ್ತು ರಕ್ತ ಪರೀಕ್ಷೆ 5,000. ಆರೋಗ್ಯ ವಿಮೆ ತಿಂಗಳ ಲೆಕ್ಕಕ್ಕೆ 6,000. ಆಟೋ, ಮೆಟ್ರೋ, ಪೆಟ್ರೋಲ್ 5,000. ಫೋನು, ಇಂಟರ್‌ನೆಟ್, ಟಿವಿ 2,000. ಹಬ್ಬ, ಮುಯ್ಯಿ, ದೇವಸ್ಥಾನ 6,000. ಮನೆ ರಿಪೇರಿ, ಆಸ್ತಿ ತೆರಿಗೆ 3,000. ವರ್ಷಕ್ಕೊಂದೆರಡು ಪ್ರವಾಸ, ತಿಂಗಳ ಲೆಕ್ಕಕ್ಕೆ 5,000. ಒಟ್ಟು 60,000.

ಇದು ನಮ್ಮ ಲೆಕ್ಕ. ಇದನ್ನು ಹಾಗೇ ಎತ್ತಿಕೊಂಡು ನಿಮ್ಮದು ಅಂದುಕೊಳ್ಳಬೇಡಿ. ನಮಗೆ ಬಾಡಿಗೆ ಇಲ್ಲ. ಮಕ್ಕಳ ಫೀಸು ಇಲ್ಲ. ತಮ್ಮ ಜಾರಿಬಿದ್ದದ್ದು ಇಲ್ಲೇ.

ಮೂರು ಬಣ್ಣದ ಪೆನ್ನು ತೆಗೆದುಕೊಳ್ಳಿ

ಬರೆದ ಖರ್ಚಿನ ಪಟ್ಟಿಯನ್ನು ಮೂರು ಪಾಲು ಮಾಡಿ. ನಾನು ಮೂರು ಬಣ್ಣದಲ್ಲಿ ಗೀಟು ಎಳೆದೆ.

ಹಸಿರು ಗೀಟು ಊರಿನ ಖರ್ಚಿಗೆ. ಮನೆಕೆಲಸ, ಅಡುಗೆಯವರು, ಕ್ಷೌರ, ಬಟ್ಟೆ ಇಸ್ತ್ರಿ, ಪ್ಲಂಬರ್, ಆಟೋ, ದರ್ಶಿನಿಯ ಇಡ್ಲಿ ವಡೆ, ಮನೆ ಬಾಡಿಗೆ. ಇಲ್ಲಿ ಇನ್ನೊಬ್ಬರ ದುಡಿಮೆ ಇರುತ್ತದೆ. ಆ ಊರಿನಲ್ಲಿ ಕೂಲಿ ಎಷ್ಟೋ ಬೆಲೆಯೂ ಅಷ್ಟು. ದೇಶ ಬದಲಾದರೆ ಇದು ಪೂರ್ತಿ ಬದಲಾಗುತ್ತದೆ.

ನೀಲಿ ಗೀಟು ಲೋಕದ ಖರ್ಚಿಗೆ. ಫೋನು, ಲ್ಯಾಪ್‌ಟಾಪ್, ಕಾರು, ಪೆಟ್ರೋಲ್, ವಿಮಾನದ ಟಿಕೆಟ್, ಹೊರದೇಶದಿಂದ ಬರುವ ಔಷಧ. ಇವಕ್ಕೆ ಊರಿನ ಹಂಗಿಲ್ಲ. ಬೆಂಗಳೂರಿನಲ್ಲಿ ಇದ್ದೀರಿ ಅಂತ ಹೊಸ ಫೋನು ಅಗ್ಗಕ್ಕೆ ಸಿಗುವುದಿಲ್ಲ, ಕೆಲವು ಸಲ ಅಮೆರಿಕಕ್ಕಿಂತ ಜಾಸ್ತಿಯೇ ಕೊಡಬೇಕು.

ಕೆಂಪು ಗೀಟು ಆಸ್ಪತ್ರೆಗೆ. ಇದು ಎರಡರಲ್ಲೂ ಸೇರುವುದಿಲ್ಲ. ಅದಕ್ಕೇ ಬೇರೆ ಇಟ್ಟೆ, ಮುಂದೆ ಹೇಳುತ್ತೇನೆ.

ಅಗ್ಗ, ದುಬಾರಿ ಎನ್ನುವ ವ್ಯತ್ಯಾಸದ ಗುಟ್ಟೆಲ್ಲ ಹಸಿರು ಗೀಟಿನಲ್ಲಿದೆ. ದೇಶ ದೇಶಗಳ ಬೆಲೆ ಹೋಲಿಸಲು ವಿಶ್ವಬ್ಯಾಂಕ್ ನಡೆಸುವ ಒಂದು ದೊಡ್ಡ ಲೆಕ್ಕ ಇದೆ. ಅದಕ್ಕೆ ಕೊಳ್ಳುವ ಶಕ್ತಿಯ ಸಮತೆ ಎನ್ನುತ್ತಾರೆ, ಸುದ್ದಿಯಲ್ಲಿ ಪಿಪಿಪಿ ಎಂದು ಕೇಳಿರುತ್ತೀರಿ. 2017ರ ಬೆಲೆಗಳನ್ನು ಇಟ್ಟುಕೊಂಡು ಮಾಡಿದ ಲೆಕ್ಕದ ಪ್ರಕಾರ, ಅಮೆರಿಕದಲ್ಲಿ 1 ಡಾಲರಿಗೆ ಸಿಗುವಷ್ಟು ಸಾಮಾನು, ಸೇವೆ ಭಾರತದಲ್ಲಿ 20.65 ರೂಪಾಯಿಗೆ ಸಿಗುತ್ತಿತ್ತು. ಆ ವರ್ಷ ಬ್ಯಾಂಕಿನಲ್ಲಿ ಡಾಲರಿಗೆ ಸರಾಸರಿ 65 ರೂಪಾಯಿ. ಅಂದರೆ ಡಾಲರ್ ತಂದು ಇಲ್ಲಿ ಖರ್ಚು ಮಾಡಿದವರಿಗೆ ಅದು ಮೂರರಷ್ಟು ಬಾಳಿತು.

ಆದರೆ ಇದು ಇಡೀ ದೇಶದ ಸರಾಸರಿ. ಬೆಂಗಳೂರಿನ ಬಾಡಿಗೆ, ಇಂಗ್ಲಿಷ್ ಮಾಧ್ಯಮದ ಶಾಲೆ, ಕಾರು, ವಿಮಾನದ ಟಿಕೆಟ್ ಬೇಕು ಅನ್ನುವವರಿಗೆ ಮೂರರಷ್ಟು ಸಿಗುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಹಸಿರು ಜಾಸ್ತಿ ಇದ್ದರೆ ಲಾಭ ಜಾಸ್ತಿ. ನೀಲಿ ಜಾಸ್ತಿ ಇದ್ದರೆ ದೇಶ ಬದಲಾಯಿಸಿ ಏನೂ ಉಳಿಯುವುದಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಇಲ್ಲಿ ಮನೆಕೆಲಸ ಅಗ್ಗ ಎಂಬುದನ್ನು ನಂಬಿ 30 ವರ್ಷದ ಯೋಜನೆ ಹಾಕಬೇಡಿ. ನಮ್ಮ ಮನೆಗೆ ಬರುವವರ ಮಗಳು ಈಗ ಬಿಕಾಂ ಓದುತ್ತಿದ್ದಾಳೆ. ಅವಳು ನಾಳೆ ಪಾತ್ರೆ ತೊಳೆಯಲು ಬರುವುದಿಲ್ಲ, ಬರಲೂಬಾರದು. ನಮಗೆ 80 ಆದಾಗ ಕೈಹಿಡಿದು ನಡೆಸುವವರ ಸಂಬಳ ಈಗಿನಂತೆ ಇರುವುದಿಲ್ಲ. ಅದು ನ್ಯಾಯವೇ. ಲೆಕ್ಕದಲ್ಲಿ ಅದಕ್ಕೆ ಜಾಗ ಇಡಬೇಕಾದವರು ನಾವು.

ಉಳಿತಾಯವನ್ನು ತಿಂಗಳಿಗೆ ಬದಲಾಯಿಸಿ

ನನ್ನ ಪ್ರಕಾರ ಇಡೀ ಲೇಖನದಲ್ಲಿ ಮುಖ್ಯವಾದದ್ದು ಈ ಹೆಜ್ಜೆ. ಸಂಬಳ ಹೋಲಿಸಬೇಡಿ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ತಿಂಗಳು ನಾನು ಉಳಿಸಿದ ಹಣ, ನಾನು ವಯಸ್ಸಾದ ಮೇಲೆ ಇರುವ ಊರಿನಲ್ಲಿ ಎಷ್ಟು ತಿಂಗಳ ಬದುಕಿಗೆ ಸಾಕು?

ತಮ್ಮನ ಲೆಕ್ಕ ನೋಡಿ. ಅವನು ತಿಂಗಳಿಗೆ 2,500 ಡಾಲರ್ ಉಳಿಸುತ್ತಾನೆ. ನ್ಯೂ ಜೆರ್ಸಿಯಲ್ಲೇ ನಿವೃತ್ತನಾದರೆ ತಿಂಗಳಿಗೆ 5,500 ಡಾಲರ್ ಬೇಕು. ಅಂದರೆ ಒಂದು ತಿಂಗಳ ದುಡಿಮೆಯಿಂದ ಸುಮಾರು 14 ದಿನದ ನಿವೃತ್ತಿ ಬದುಕು ಸಿಗುತ್ತದೆ. ಬೆಂಗಳೂರಿಗೆ ಬಂದರೆ? ಡಾಲರಿಗೆ 90 ಎಂದು ಇಟ್ಟುಕೊಂಡರೆ ಅದೇ 2,500 ಡಾಲರ್ 2,25,000 ರೂಪಾಯಿ. ನನ್ನ ಪುಸ್ತಕದ 60,000ಕ್ಕೆ ಭಾಗಿಸಿದರೆ ಮೂರೂ ಮುಕ್ಕಾಲು ತಿಂಗಳು. ಆದರೆ ಅವನು ನನ್ನ ಹಾಗೆ ಬದುಕುವುದಿಲ್ಲ. ಅವನಿಗೆ ಬಾಡಿಗೆ ಮನೆ, 45,000. ವರ್ಷಕ್ಕೊಮ್ಮೆ ಇಬ್ಬರೂ ಮಗಳ ಮನೆಗೆ ಹೋಗಿಬರಬೇಕು. ಟಿಕೆಟ್ಟು, ಪ್ರವಾಸದ ವಿಮೆ, ಉಡುಗೊರೆ ಎಲ್ಲ ಸೇರಿ 4 ಲಕ್ಷ, ತಿಂಗಳಿಗೆ 33,000. ಕೂಡಿಸಿದಾಗ ಸುಮಾರು 1,40,000 ಆಯಿತು. ಈಗ ಭಾಗಿಸಿದರೆ ಒಂದು ತಿಂಗಳ ಉಳಿತಾಯಕ್ಕೆ ಒಂದೂವರೆ ತಿಂಗಳಿಗಿಂತ ಸ್ವಲ್ಪ ಜಾಸ್ತಿ. ಇದು ಅವನ ನಿಜವಾದ ಲೆಕ್ಕ.

ನಮ್ಮ ಎದುರು ಮನೆಯ ಹುಡುಗ ಇಲ್ಲೇ ಎಂಜಿನಿಯರ್. ಕೈಗೆ 1,50,000 ಬರುತ್ತದೆ. ಬಾಡಿಗೆ, ಮಗುವಿನ ಶಾಲೆ ಎಲ್ಲ ಕಳೆದು 50,000 ಉಳಿಸುತ್ತಾನೆ. 60,000ದ ಬದುಕಿಗೆ ಅದು 25 ದಿನ. ಇದರ ಮೇಲೆ ಪಿಎಫ್ ಬೇರೆ ಕೂಡುತ್ತದೆ. ಅಮೆರಿಕದಲ್ಲಿದ್ದು ಅಲ್ಲೇ ನಿವೃತ್ತನಾಗುವವನಿಗಿಂತ ಇವನ ಲೆಕ್ಕವೇ ಗಟ್ಟಿ ಅಲ್ವಾ? ಇದನ್ನು ಹೇಳಿದಾಗ ಅವನು ನಂಬಲಿಲ್ಲ. ಕಾಗದದ ಮೇಲೆ ಬರೆದು ತೋರಿಸಿದೆ.

ಚಿಕ್ಕಪ್ಪನ ಮಗ ದುಬೈನಲ್ಲಿ ಇದ್ದಾನೆ. 20,000 ದಿರ್ಹಾಂ ಸಂಬಳ, ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಆದರೂ ಮನೆ ಬಾಡಿಗೆ, ಎರಡು ಮಕ್ಕಳ ಶಾಲೆ ಕಳೆದು ಉಳಿಯುವುದು 5,000. ಒಂದು ಡಾಲರಿಗೆ 3.67 ದಿರ್ಹಾಂ ಎಂದು ಅಲ್ಲಿ ಕಟ್ಟಿಹಾಕಿದ್ದಾರೆ. ಹಾಗಾಗಿ ಆ 5,000 ದಿರ್ಹಾಂ ನಮ್ಮ ಲೆಕ್ಕಕ್ಕೆ ಸುಮಾರು 1,22,500 ರೂಪಾಯಿ. ಅವನು ಪುತ್ತೂರಿನ ತೋಟದ ಮನೆಗೆ ವಾಪಸಾಗುವವನು, ಅಲ್ಲಿ ತಿಂಗಳಿಗೆ 50,000 ಸಾಕು ಅನ್ನುತ್ತಾನೆ. ಒಂದು ತಿಂಗಳ ದುಡಿಮೆಗೆ ಎರಡೂವರೆ ತಿಂಗಳ ಬದುಕು. ಮೂವರಲ್ಲಿ ಇವನ ಸಂಬಳ ಅಮೆರಿಕದ ತಮ್ಮನಿಗಿಂತ ಕಡಿಮೆ, ತಿಂಗಳ ಲೆಕ್ಕ ಮಾತ್ರ ಜಾಸ್ತಿ. ಕಾರಣ ಪುತ್ತೂರು.

ಆ ದೇಶ ವಯಸ್ಸಾದ ಮೇಲೆ ನಿಮಗೆ ಏನು ಕೊಡುತ್ತದೆ?

ಇದನ್ನು ಕೆಲಸಕ್ಕೆ ಸೇರುವ ದಿನವೇ ಕೇಳಬೇಕು. ಯಾರೂ ಕೇಳುವುದಿಲ್ಲ.

ಅಮೆರಿಕದಲ್ಲಿ ಪ್ರತಿ ಸಂಬಳದಲ್ಲಿ ಶೇ 6.2ರಷ್ಟು ಸೋಷಿಯಲ್ ಸೆಕ್ಯುರಿಟಿಗೆ, ಅಂದರೆ ಅಲ್ಲಿನ ಸರ್ಕಾರಿ ಪಿಂಚಣಿ ಯೋಜನೆಗೆ, ಹಿಡಿಯುತ್ತಾರೆ. ಪಿಂಚಣಿ ಬೇಕೆಂದರೆ 40 ಕ್ರೆಡಿಟ್ ಬೇಕು, ಅಂದರೆ ಸುಮಾರು 10 ವರ್ಷದ ದುಡಿಮೆ. ಬೇರೆ ಎಷ್ಟೋ ದೇಶಗಳ ಜೊತೆ ಭಾರತ ಸಾಮಾಜಿಕ ಭದ್ರತೆಯ ಒಪ್ಪಂದ (ಎರಡೂ ದೇಶದಲ್ಲಿ ದುಡಿದ ವರ್ಷಗಳನ್ನು ಕೂಡಿಸಿ ಪಿಂಚಣಿಗೆ ಹಿಡಿಯುವ ಒಪ್ಪಂದ) ಮಾಡಿಕೊಂಡಿದೆ. ಬೆಲ್ಜಿಯಂ, ಜರ್ಮನಿ, ಫ್ರಾನ್ಸ್, ಜಪಾನ್, ಕೆನಡಾ ಜೊತೆ ಇದೆ. ಅಮೆರಿಕದ ಜೊತೆ ಇಲ್ಲ. ಹಾಗಾಗಿ 8 ವರ್ಷ ದುಡಿದು ವಾಪಸಾದವರು ಕಟ್ಟಿದ ಹಣ ಅಲ್ಲೇ ಉಳಿಯಿತು ಎಂದೇ ಲೆಕ್ಕ. ನಮ್ಮ ಹುಡುಗರು ವೀಸಾದ ಮೇಲೆ ಹೋಗಿ ಬೆವರು ಸುರಿಸಿ ಕಟ್ಟಿದ ಹಣ ಅದು. ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನೀವು ಅಲ್ಲಿ 8 ಅಥವಾ 9ನೇ ವರ್ಷದಲ್ಲಿದ್ದರೆ, ವಾಪಸಾಗುವ ದಿನ ಗೊತ್ತುಮಾಡುವ ಮೊದಲು ನಿಮ್ಮ ಕ್ರೆಡಿಟ್ ಎಷ್ಟಾಗಿದೆ ಎಂದು ಖಂಡಿತ ನೋಡಿಕೊಳ್ಳಿ.

10 ವರ್ಷ ದಾಟಿದ್ದರೆ 62ರಿಂದಲೇ ಪಿಂಚಣಿ ತೆಗೆದುಕೊಳ್ಳಬಹುದು, ಆದರೆ ಕಡಿಮೆ ಸಿಗುತ್ತದೆ. 1960 ಅಥವಾ ಆಮೇಲೆ ಹುಟ್ಟಿದವರಿಗೆ ಪೂರ್ತಿ ಪಿಂಚಣಿ 67ಕ್ಕೆ. ಇದಲ್ಲದೆ 401ಕೆ ಎಂಬ, ಕಂಪನಿಯ ಮೂಲಕ ಕಟ್ಟುವ ನಿವೃತ್ತಿ ಉಳಿತಾಯದ ಖಾತೆ ಇರುತ್ತದೆ. ಅದರಿಂದ 59 ವರ್ಷ 6 ತಿಂಗಳಿಗೆ ಮೊದಲು ಹಣ ತೆಗೆದರೆ ಸಾಮಾನ್ಯವಾಗಿ ತೆರಿಗೆಯ ಜೊತೆಗೆ ಶೇ 10 ದಂಡ. ತಮ್ಮನಿಗೆ 52. 55 ತುಂಬುವ ವರ್ಷ ಅಥವಾ ಆಮೇಲೆ ಕೆಲಸ ಬಿಟ್ಟರೆ ಆ ಕೊನೆಯ ಕಂಪನಿಯ 401ಕೆಗೆ ಈ ದಂಡ ಇಲ್ಲ. ಆದರೆ ಹಳೆಯ ಕಂಪನಿಗಳ ಖಾತೆಯಲ್ಲಿ ಉಳಿದ ಹಣವನ್ನು ದಂಡವಿಲ್ಲದೆ ತೆಗೆಯಲು, 55ಕ್ಕೆ ಬಂದರೆ ನಾಲ್ಕೂವರೆ ವರ್ಷ ಕಾಯಬೇಕು. ಅವನ ಯೋಜನೆಯಲ್ಲಿ ಈ ನಾಲ್ಕೂವರೆ ವರ್ಷ ಇರಲೇ ಇಲ್ಲ.

ಬ್ರಿಟನ್‌ನಲ್ಲಿ ಸರ್ಕಾರಿ ಪಿಂಚಣಿಗೆ ಕಡಿಮೆ ಅಂದರೆ 10 ವರ್ಷ, ಪೂರ್ತಿ ಸಿಗಲು 35 ವರ್ಷ ಕಟ್ಟಿರಬೇಕು. 2026ರಿಂದ 2028ರ ನಡುವೆ ವಯಸ್ಸು 66ರಿಂದ 67ಕ್ಕೆ ಏರುತ್ತದೆ. ಆದರೆ ಭಾರತಕ್ಕೆ ಬಂದು ನೆಲೆಸುವವರು ಒಂದು ವಿಷಯ ನೆನಪಿಡಬೇಕು. ಅಲ್ಲೇ ಇದ್ದವರ ಪಿಂಚಣಿ ವರ್ಷ ವರ್ಷ ಏರುತ್ತದೆ. ಇಲ್ಲಿಗೆ ಬಂದವರದ್ದು ಏರುವುದಿಲ್ಲ, ನಿಂತಲ್ಲೇ ನಿಲ್ಲುತ್ತದೆ. 67ಕ್ಕೆ ಬರುವ ಪೌಂಡ್‌ಗಳೇ 87ಕ್ಕೂ ಬರುತ್ತವೆ. ಇಲ್ಲಿನ ಬೆಲೆ ಮಾತ್ರ ನಿಲ್ಲುವುದಿಲ್ಲ.

ಕೊಲ್ಲಿ ದೇಶಗಳಲ್ಲಿ ನಮ್ಮವರಿಗೆ ಪಿಂಚಣಿ ಇಲ್ಲ. ಯುಎಇಯಲ್ಲಿ ಕೆಲಸ ಬಿಡುವಾಗ ಗ್ರಾಚ್ಯುಟಿ ಕೊಡುತ್ತಾರೆ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ಮೂಲ ವೇತನ ಎಂಬ ಪದ ಗಮನಿಸಿ. ಭತ್ಯೆಗಳು ಅದರಲ್ಲಿ ಸೇರುವುದಿಲ್ಲ. ಕೆಲಸದ ಕರಾರಿಗೆ ಸಹಿ ಹಾಕುವಾಗ ಒಟ್ಟು ಸಂಬಳವನ್ನಷ್ಟೇ ನೋಡಿ ಖುಷಿಪಡಬೇಡಿ. ಅಲ್ಲಿರುವವರು ತಮ್ಮ ಪಿಂಚಣಿಯನ್ನು ತಾವೇ ಕಟ್ಟಿಕೊಳ್ಳಬೇಕು, ಮೊದಲ ತಿಂಗಳಿಂದಲೇ.

ಆಸ್ಟ್ರೇಲಿಯಾದಲ್ಲಿ 2025ರ ಜುಲೈನಿಂದ ಕಂಪನಿಯವರು ಸಂಬಳದ ಶೇ 12ರಷ್ಟನ್ನು ನಿವೃತ್ತಿ ನಿಧಿಗೆ ಹಾಕಬೇಕು. ಅದು ನಿಮ್ಮ ಹೆಸರಿನಲ್ಲೇ ಇರುತ್ತದೆ.

ನಮ್ಮಲ್ಲಿ ಪಿಎಫ್‌ಗೆ ನೌಕರರು ಶೇ 12, ಕಂಪನಿ ಶೇ 12 ಹಾಕುತ್ತದೆ. ಕಂಪನಿಯ ಪಾಲಿನಲ್ಲಿ ಒಂದಷ್ಟು ಪಿಂಚಣಿ ಯೋಜನೆಗೆ ಹೋಗುತ್ತದೆ. ಆ ಪಿಂಚಣಿಯ ಮೇಲೆ ಆಸೆ ಇಟ್ಟುಕೊಳ್ಳಬೇಡಿ. 2014ರಲ್ಲಿ ಕನಿಷ್ಠ 1,000 ರೂಪಾಯಿ ಎಂದು ಮಾಡಿದರು. ಒಂದು ಸಾವಿರದಲ್ಲಿ ಈಗ ಎಷ್ಟು ದಿನದ ಹಾಲು ಬರುತ್ತದೆ, ನೀವೇ ಲೆಕ್ಕ ಹಾಕಿ. ಪಿಎಫ್‌ನ ಗಂಟು ಮಾತ್ರ ಒಳ್ಳೆಯದು. ಕೆಲಸ ಬದಲಾಯಿಸಿದಾಗಲೆಲ್ಲ ತೆಗೆದು ಖರ್ಚು ಮಾಡದಿದ್ದರೆ.

ಕೆಂಪು ಗೀಟು: ಆಸ್ಪತ್ರೆ

ಅಮೆರಿಕದಲ್ಲಿ 65 ಆದಮೇಲೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಸಿಗುತ್ತದೆ. ಅದಕ್ಕೆ ಮೊದಲು ಕೆಲಸ ಬಿಟ್ಟರೆ ಕಂಪನಿಯ ನೆರಳು ತಪ್ಪುತ್ತದೆ, ವಿಮೆಯ ಕಂತು ಸ್ವಂತ ದುಡ್ಡಿನಲ್ಲಿ ಕಟ್ಟಬೇಕು. ಹಾಸಿಗೆ ಹಿಡಿದವರ ದಿನನಿತ್ಯದ ಆರೈಕೆಯನ್ನು ಮೆಡಿಕೇರ್ ನೋಡಿಕೊಳ್ಳುವುದಿಲ್ಲ. ಭಾರತದಲ್ಲಿ ಚಿಕಿತ್ಸೆ ಪಡೆದರೆ ಅದರಿಂದ ಸಾಮಾನ್ಯವಾಗಿ ಏನೂ ಬರುವುದಿಲ್ಲ. ಹಾಗಾಗಿ ವಾಪಸಾಗುವವರಿಗೆ ಇಲ್ಲಿನ ವಿಮೆ ಬೇಕೇ ಬೇಕು.

ಎಲ್ಲರೂ ತಡಮಾಡುವುದು ಇಲ್ಲೇ. ಮೊದಲೇ ಇರುವ ಕಾಯಿಲೆಗೆ ಇಲ್ಲಿನ ವಿಮೆಯಲ್ಲಿ ಕಾಯುವ ಅವಧಿ ಇರುತ್ತದೆ. 2024ರಲ್ಲಿ ಅದನ್ನು ಹೆಚ್ಚೆಂದರೆ 3 ವರ್ಷ ಎಂದು ಇಳಿಸಿದರು, ಮೊದಲು 4 ಇತ್ತು. ಶುಗರ್ ಇರುವ ಮನುಷ್ಯ 55ಕ್ಕೆ ಇಲ್ಲಿಗೆ ಬಂದು ಆಮೇಲೆ ವಿಮೆ ಮಾಡಿಸಿದರೆ, ಶುಗರ್‌ನಿಂದ ಬರುವ ತೊಂದರೆಗೆ 58ರ ತನಕ ಕಾಯಬೇಕಾಗಬಹುದು. ಅದೇ 52ಕ್ಕೆ, ಇನ್ನೂ ಅಲ್ಲಿ ಕೆಲಸದಲ್ಲಿರುವಾಗಲೇ, ಇಲ್ಲಿನ ಪಾಲಿಸಿ ಮಾಡಿಸಿಟ್ಟರೆ ಬರುವಷ್ಟರಲ್ಲಿ ಕಾಯುವುದು ಮುಗಿದಿರುತ್ತದೆ. ಅನಿವಾಸಿ ಭಾರತೀಯರೂ ಮಾಡಿಸಬಹುದು. ಮೂರು ವರ್ಷದ ಕಂತು ಸುಮ್ನೆ ದಂಡ ಅನಿಸಬಹುದು. ಅಲ್ಲ. ತಮ್ಮ ಆ ವಾರವೇ ಅರ್ಜಿ ಹಾಕಿದ. ಅರ್ಜಿಯಲ್ಲಿ ಇರುವ ಕಾಯಿಲೆಯನ್ನೆಲ್ಲ ಬರೆಯಿಸಿದೆ. ಒಂದನ್ನೂ ಮುಚ್ಚಿಡಬೇಡಿ. ಮುಚ್ಚಿಟ್ಟದ್ದು ಕ್ಲೇಮಿನ ದಿನ ಹೊರಬರುತ್ತದೆ.

ಪಾಲಿಸಿ ಓದುವಾಗ ಎರಡು ಸಾಲು ಹುಡುಕಿ. ರೂಮ್ ಬಾಡಿಗೆಗೆ ಮಿತಿ ಇದೆಯೇ? ಬಿಲ್ಲಿನಲ್ಲಿ ಶೇ 10 ಅಥವಾ 20 ನೀವೇ ಕೊಡಬೇಕೇ? ನಮ್ಮವರಿಗೆ ಆಪರೇಷನ್ ಆದಾಗ ಮೊದಲನೆಯದನ್ನು ನಾನು ಓದಿರಲಿಲ್ಲ. ಮಿತಿಗಿಂತ ದೊಡ್ಡ ರೂಮು ತೆಗೆದುಕೊಂಡಿದ್ದೆವು. ರೂಮಿನ ವ್ಯತ್ಯಾಸ ಮಾತ್ರ ನಮ್ಮ ಮೇಲೆ ಬೀಳುತ್ತದೆ ಅಂದುಕೊಂಡೆ. ಡಾಕ್ಟರ ಫೀಸಿನಿಂದ ಹಿಡಿದು ಎಲ್ಲದರಲ್ಲೂ ಅದೇ ಪ್ರಮಾಣದಲ್ಲಿ ಕತ್ತರಿಸಿದರು. 82,000 ಕೈಯಿಂದ ಹೋಯಿತು. ವಿಮೆಯ ಹೊರಗೆ ಆಸ್ಪತ್ರೆಗೆಂದೇ ಒಂದು ಗಂಟು ಇರಲಿ. ನಾವು 10 ಲಕ್ಷ ಬೇರೆ ಇಟ್ಟಿದ್ದೇವೆ. ಅದನ್ನು ತಿಂಗಳ ಖರ್ಚಿನ ಲೆಕ್ಕಕ್ಕೆ ಎಳೆಯುವುದಿಲ್ಲ.

ಬೆಲೆ ಏರಿಕೆಯ ಜೊತೆ 30 ವರ್ಷ

72 ಎಂಬ ಸಂಖ್ಯೆ ನೆನಪಿಡಿ. ಅದನ್ನು ಬೆಲೆ ಏರಿಕೆಯ ದರದಿಂದ ಭಾಗಿಸಿದರೆ ಖರ್ಚು ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ ಎಂದು ಗೊತ್ತಾಗುತ್ತದೆ. ರಿಸರ್ವ್ ಬ್ಯಾಂಕಿನ ಗುರಿ ಶೇ 4, ಎರಡು ಅಂಕ ಹೆಚ್ಚು ಕಡಿಮೆ ಆಗಬಹುದು. ವಯಸ್ಸಾದವರ ಖರ್ಚಿನಲ್ಲಿ ಔಷಧ, ಆಸ್ಪತ್ರೆ, ಕೆಲಸದವರ ಸಂಬಳ ಜಾಸ್ತಿ. ಅದಕ್ಕೆ ನಾನು ಶೇ 6 ಹಿಡಿಯುತ್ತೇನೆ. 72 ಭಾಗಿಸು 6, ಅಂದರೆ 12 ವರ್ಷ. ಇವತ್ತಿನ 60,000 ಇನ್ನು 12 ವರ್ಷಕ್ಕೆ 1,20,000. 24 ವರ್ಷಕ್ಕೆ 2,40,000.

ಹಾಗಾದರೆ ಒಟ್ಟು ಎಷ್ಟು ಬೇಕು? ಸುಲಭದ ದಾರಿ ಇದು. ನಿಮ್ಮ ಹಣ ಬೆಲೆ ಏರಿಕೆಯಷ್ಟೇ ವೇಗದಲ್ಲಿ ಬೆಳೆಯುತ್ತದೆ, ಒಂದು ಪೈಸೆ ಜಾಸ್ತಿ ಇಲ್ಲ ಎಂದುಕೊಳ್ಳಿ. ಆಗ 30 ವರ್ಷದ ನಿವೃತ್ತಿಗೆ ಇವತ್ತಿನ ಬೆಲೆಯಲ್ಲಿ 30 ವರ್ಷದ ಖರ್ಚು ಬೇಕು. ನಮ್ಮ ಮನೆಗೆ ವರ್ಷಕ್ಕೆ 7.2 ಲಕ್ಷ, 30ರಿಂದ ಗುಣಿಸಿದರೆ 2.16 ಕೋಟಿ. ತಮ್ಮನಿಗೆ ವರ್ಷಕ್ಕೆ 16.8 ಲಕ್ಷ. ಅವನು 55ಕ್ಕೇ ಬಿಡುವುದರಿಂದ 35 ವರ್ಷ ಹಿಡಿಯಬೇಕು. 5.88 ಕೋಟಿ. ಆಸ್ಪತ್ರೆಯ ಗಂಟು ಬೇರೆ.

ವರ್ಷಕ್ಕೆ ಶೇ 4ರಷ್ಟು ತೆಗೆದರೆ ಸಾಕು, ಅಂದರೆ 25 ವರ್ಷದ ಖರ್ಚು ಇದ್ದರೆ ಆಯಿತು ಎಂದು ಅಮೆರಿಕದವರು ಹೇಳುವುದನ್ನು ಕೇಳಿರುತ್ತೀರಿ. ಅದು 1994ರಲ್ಲಿ ವಿಲಿಯಂ ಬೆಂಗೆನ್ ಎಂಬ ಹಣಕಾಸು ಸಲಹೆಗಾರರು ಮಾಡಿದ ಲೆಕ್ಕ. ಅವರು ನೋಡಿದ್ದು ಅಮೆರಿಕದ ಷೇರು, ಅಮೆರಿಕದ ಬಾಂಡು, ಅಲ್ಲಿನ ಬೆಲೆ ಏರಿಕೆ, 30 ವರ್ಷದ ಅವಧಿ. ಅದನ್ನು ಹಾಗೇ ತಂದು ಬೆಂಗಳೂರಿಗೆ ಅಂಟಿಸಬೇಡಿ. ಇಲ್ಲಿ ಶೇ 3ರಿಂದ 3.5 ಹಿಡಿದರೆ ರಾತ್ರಿ ನಿದ್ದೆ ಬರುತ್ತದೆ.

ಬರೀ ಬಡ್ಡಿಯ ಮೇಲೆ ನಿಲ್ಲುವುದೂ ಕಷ್ಟ. ನಮ್ಮಪ್ಪ 1995ರಲ್ಲಿ ನಿವೃತ್ತರಾದಾಗ ಬ್ಯಾಂಕ್ ಠೇವಣಿಗೆ ಶೇ 12ರ ಹತ್ತಿರ ಬಡ್ಡಿ ಇತ್ತು. ಬಂದ ಹಣವನ್ನೆಲ್ಲ ಅಲ್ಲಿ ಇಟ್ಟು ನಿಶ್ಚಿಂತೆಯಾಗಿದ್ದರು. 2003ರ ಹೊತ್ತಿಗೆ ಬಡ್ಡಿ ಅದರ ಅರ್ಧಕ್ಕೆ ಇಳಿಯಿತು. ಅಸಲು ಅಷ್ಟೇ ಇತ್ತು, ಬಡ್ಡಿ ಅರ್ಧ, ಅಕ್ಕಿ ಬೆಲೆ ಏರಿತ್ತು. ಅವರು ಸಂಜೆಯ ಕಾಫಿಗೆ ಹೊರಗೆ ಹೋಗುವುದನ್ನು ಬಿಟ್ಟರು. ಯಾರಿಗೂ ಏಕೆ ಎಂದು ಹೇಳಲಿಲ್ಲ. ನನಗೆ ಅದು ಗೊತ್ತಾದದ್ದು ಅವರ ಪಾಸ್‌ಬುಕ್ ನೋಡಿದ ಮೇಲೆ.

ಹಾಗಾಗಿ ನಾವು ಹಣವನ್ನು ಎರಡು ಮಾಡಿದ್ದೇವೆ. 60 ದಾಟಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. ಒಬ್ಬರು 30 ಲಕ್ಷದ ತನಕ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. 2023ರ ಏಪ್ರಿಲ್‌ನಿಂದ ಶೇ 8.2 ಕೊಡುತ್ತಿದ್ದಾರೆ. ಗಂಡ ಹೆಂಡತಿ ಇಬ್ಬರೂ ಪೂರ್ತಿ ಇಟ್ಟರೆ ತಿಂಗಳ ಲೆಕ್ಕಕ್ಕೆ 41,000. ಅನಿವಾಸಿಗಳಿಗೆ ಇದು ಇಲ್ಲ, ಇಲ್ಲಿನ ನಿವಾಸಿಯಾದ ಮೇಲೆ ಮಾತ್ರ. ಈ ಬಡ್ಡಿಗೆ ತೆರಿಗೆ ಇದೆ, ಮತ್ತು ಅದು ಬೆಲೆಯ ಜೊತೆ ಏರುವುದಿಲ್ಲ. ಏರುವ ಭಾಗಕ್ಕೆ ಒಂದಷ್ಟು ಹಣ ಷೇರು ಆಧಾರದ ಮ್ಯೂಚುವಲ್ ಫಂಡ್‌ನಲ್ಲಿದೆ. ಅದರಲ್ಲಿ ಹತ್ತು ವರ್ಷ ಮುಟ್ಟಬೇಕಾಗಿಲ್ಲದ ಹಣ ಮಾತ್ರ ಇಡುತ್ತೇವೆ.

ಊರು ಮತ್ತು ಮನೆ

ಬೆಂಗಳೂರು ಅಂದರೆ ಒಂದು ಊರಲ್ಲ. ಕಾವೇರಿ ನೀರು ಬರುವ ಬೀದಿಗೂ ಟ್ಯಾಂಕರ್ ನಂಬಿದ ಬೀದಿಗೂ ತಿಂಗಳ ಖರ್ಚಿನಲ್ಲಿ ವ್ಯತ್ಯಾಸ ಇದೆ. 2024ರ ಬೇಸಿಗೆಯಲ್ಲಿ ಅದನ್ನು ಕಣ್ಣಾರೆ ಕಂಡೆವು. ಬಾಡಿಗೆಗೆ ಹೋಗುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ನೀರಿನದು. ಎರಡನೆಯದು ಲಿಫ್ಟಿನದು. ಮೂರನೆಯದು ರಾತ್ರಿ ಎರಡು ಗಂಟೆಗೆ ಆಸ್ಪತ್ರೆ ಎಷ್ಟು ನಿಮಿಷದ ದಾರಿ ಎಂಬುದು. ಅಡ್ವಾನ್ಸ್ ಹಣವನ್ನೂ ಮರೆಯಬೇಡಿ. ಹತ್ತು ತಿಂಗಳ ಬಾಡಿಗೆ ಕೇಳುವವರು ಇನ್ನೂ ಇದ್ದಾರೆ. ಆ ಹಣ ಬಡ್ಡಿ ಇಲ್ಲದೆ ಮಲಗಿರುತ್ತದೆ.

ಅಮೆರಿಕದಲ್ಲಿ ಸ್ವಂತ ಮನೆ ಇದೆ, ಸಾಲ ತೀರಿದೆ, ಇನ್ನೇನು ಖರ್ಚು ಎನ್ನುವವರು ಅಲ್ಲಿನ ಆಸ್ತಿ ತೆರಿಗೆ ನೋಡಬೇಕು. ನ್ಯೂ ಜೆರ್ಸಿಯಲ್ಲಿ ಅದು ಆ ದೇಶದಲ್ಲೇ ಅತಿ ದುಬಾರಿಗಳಲ್ಲಿ ಒಂದು. ಸಾಲ ತೀರಿದ ಮೇಲೂ ಬದುಕಿರುವ ತನಕ ಕಟ್ಟುತ್ತಿರಬೇಕು.

ಮೈಸೂರು, ಶಿವಮೊಗ್ಗ, ಮಂಗಳೂರು ಕಡೆಗೂ ಲೆಕ್ಕ ಹಾಕಿ ನೋಡಿ. ಬಾಡಿಗೆಯಲ್ಲೇ ದೊಡ್ಡ ಉಳಿತಾಯ. ಆದರೆ ನೆಂಟರು, ಸ್ನೇಹಿತರು, ಗೊತ್ತಿರುವ ಡಾಕ್ಟರು ಎಲ್ಲಿದ್ದಾರೋ ಅಲ್ಲಿರುವುದಕ್ಕೆ ನಾನು ಸ್ವಲ್ಪ ಜಾಸ್ತಿ ಕೊಡಲು ತಯಾರು.

ವಾಪಸಾಗುವವರಿಗೆ ಕಾಗದ ಪತ್ರ

ಇದನ್ನು ಎರಡೂ ದೇಶದ ತೆರಿಗೆ ಗೊತ್ತಿರುವ ಒಬ್ಬ ಲೆಕ್ಕಪರಿಶೋಧಕರ ಹತ್ತಿರ ಮಾಡಿಸಿ. ಆದರೆ ಏನು ಕೇಳಬೇಕು ಎಂದು ನಿಮಗೆ ಗೊತ್ತಿರಲಿ.

ತುಂಬಾ ವರ್ಷ ಹೊರಗಿದ್ದು ಬಂದವರಿಗೆ ಮೊದಲ ಎರಡು ಮೂರು ವರ್ಷ "ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ" ಎಂಬ ಸ್ಥಾನ ಸಿಗಬಹುದು. ಆ ಸಮಯದಲ್ಲಿ ಹೊರದೇಶದಲ್ಲಿ ಹುಟ್ಟುವ ಆದಾಯಕ್ಕೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಇಲ್ಲ. ಆರ್ಥಿಕ ವರ್ಷದ ಯಾವ ತಿಂಗಳು ಬಂದಿಳಿಯುತ್ತೀರಿ ಎಂಬುದರ ಮೇಲೂ ಲೆಕ್ಕ ಬದಲಾಗುತ್ತದೆ, ಆದ್ದರಿಂದ ಟಿಕೆಟ್ ತೆಗೆಯುವ ಮೊದಲು ಕೇಳಿ. ಎನ್‌ಆರ್‌ಇ ಖಾತೆಯನ್ನು (ಅನಿವಾಸಿಗಳು ಇಲ್ಲಿ ಇಡುವ ರೂಪಾಯಿ ಖಾತೆ) ನಿವಾಸಿ ಖಾತೆಗೆ ಅಥವಾ ಆರ್‌ಎಫ್‌ಸಿ ಖಾತೆಗೆ (ವಾಪಸಾದವರು ವಿದೇಶಿ ಹಣ ಇಡುವ ಖಾತೆ) ಬದಲಾಯಿಸಬೇಕು. ಡಾಲರನ್ನು ಡಾಲರಾಗಿಯೇ ಇಟ್ಟುಕೊಳ್ಳಬೇಕು ಎನ್ನುವವರಿಗೆ ಆರ್‌ಎಫ್‌ಸಿ ಒಳ್ಳೆಯದು. ವರ್ಷಕ್ಕೊಮ್ಮೆ ಮಗಳ ಮನೆಗೆ ಹೋಗುವ ಖರ್ಚು ಡಾಲರಿನಲ್ಲೇ ಇರುವುದರಿಂದ ತಮ್ಮನಿಗೆ ಇದು ಸರಿಹೊಂದಿತು. ಅಮೆರಿಕ, ಬ್ರಿಟನ್, ಕೆನಡಾದ ನಿವೃತ್ತಿ ಖಾತೆಗಳಿಗೆ ಹಣ ತೆಗೆದ ವರ್ಷವೇ ಇಲ್ಲಿ ತೆರಿಗೆ ಕಟ್ಟುವ ಆಯ್ಕೆ ಇದೆ. ಅದಕ್ಕೆ ಒಂದು ಫಾರ್ಮ್ ತುಂಬಬೇಕು. ಪೂರ್ತಿ ನಿವಾಸಿಯಾದ ಮೇಲೆ ಹೊರಗಿನ ಪ್ರತಿ ಖಾತೆಯನ್ನೂ ರಿಟರ್ನ್ಸ್‌ನಲ್ಲಿ ತೋರಿಸಬೇಕು. ಸಣ್ಣ ಖಾತೆ ಎಂದು ಬಿಡಬೇಡಿ, ದಂಡ ಲಕ್ಷಗಳಲ್ಲಿ ಬೀಳಬಹುದು.

ಮೂರು ತಿಂಗಳು ಬದುಕಿ ನೋಡಿ

ರಜೆಗೆ ಬಂದವರು ನೋಡುವ ಬೆಂಗಳೂರು ಬೇರೆ. ಆಗ ಅಕ್ಕನ ಮನೆ ಊಟ, ಭಾವನ ಕಾರು. ಖರ್ಚೇ ಕಾಣುವುದಿಲ್ಲ. ಅದಕ್ಕೆ ತಮ್ಮನಿಗೆ ಹೇಳಿದೆ, ಒಂದು ಸಲ ಬಾಡಿಗೆ ಮನೆ ಮಾಡಿ, ನೀವೇ ಗ್ಯಾಸ್ ಬುಕ್ ಮಾಡಿ, ನೀವೇ ಕೆಲಸದವರನ್ನು ಹುಡುಕಿ, ಮಳೆಗಾಲದಲ್ಲಿ ಸಿಲ್ಕ್ ಬೋರ್ಡ್ ದಾಟಿ, ಮೂರು ತಿಂಗಳು ಇದ್ದು ನೋಡಿ. ಪ್ರತಿ ದಿನದ ಖರ್ಚು ಬರೆಯಿರಿ. 1,40,000 ಎಂಬ ನಮ್ಮ ಊಹೆ ನಿಜವೋ ಸುಳ್ಳೋ ಆಗ ಗೊತ್ತಾಗುತ್ತದೆ.

ಬನಶಂಕರಿಯಲ್ಲಿ ಮೆಟ್ರೋಗೆ ಹತ್ತು ನಿಮಿಷದ ದಾರಿಯಲ್ಲಿ, ಕಾವೇರಿ ನೀರು ಬರುವ, ಲಿಫ್ಟ್ ಇರುವ ಎರಡು ರೂಮಿನ ಮನೆಯನ್ನು ಜುಲೈನಿಂದ ಗೊತ್ತುಮಾಡಿದ್ದೇವೆ. ಸಾಮಾನು ಸಮೇತ ಕೊಡುತ್ತಿರುವುದರಿಂದ ಬಾಡಿಗೆ 48,000, ನಮ್ಮ ಲೆಕ್ಕಕ್ಕಿಂತ 3,000 ಜಾಸ್ತಿ. ಗಾಂಧಿ ಬಜಾರಿನಿಂದ 200 ಹಾಳೆಯ ಒಂದು ನೋಟ್‌ಬುಕ್ ತಂದಿದ್ದೇನೆ. ಹಸಿರು, ನೀಲಿ, ಕೆಂಪು ಪೆನ್ನು ಅದರೊಳಗೆ ಸಿಕ್ಕಿಸಿಟ್ಟಿದ್ದೇನೆ. ಮೊದಲ ಪುಟದಲ್ಲಿ ಆ 48,000 ಬರೆದಾಗಿದೆ, ಹಸಿರಿನಲ್ಲಿ.